ಗಿರ್ಮಿಟ್‌ನಿಂದ ಸೆವೆರೆನ್ಸ್‌ವರೆಗೆ: ಸಹಿಗೆ ಮುನ್ನ ಸ್ವತಂತ್ರ ಸಲಹೆ



ಹುಬ್ಬಳ್ಳಿ-ಧಾರವಾಡದವರಿಗೆ ಗಿರಮಿಟ್ ಎಂದರೆ ಸಂಜೆಯ ಚುರುಮುರಿ ತಿಂಡಿ. ಫಿಜಿಯ ಭಾರತೀಯ ಮೂಲದವರಿಗೆ ಗಿರ್ಮಿಟ್ ಎಂದರೆ ಮುತ್ತಜ್ಜ ಮುತ್ತಜ್ಜಿಯರ ಐದು ವರ್ಷಗಳ ಜೀತ. 'ಅಗ್ರಿಮೆಂಟ್' ಎಂಬ ಇಂಗ್ಲಿಷ್ ಪದವೇ ಕಬ್ಬಿನ ಗದ್ದೆಗಳಿಗೆ ಹೊರಟವರ ನಾಲಗೆಯಲ್ಲಿ ಗಿರ್ಮಿಟ್ ಆಯಿತು. 1879ರಿಂದ 1916ರವರೆಗೆ ಸುಮಾರು 60,000 ಜನ ಭಾರತದಿಂದ ಆ ದ್ವೀಪಗಳಿಗೆ ಹಡಗು ಹತ್ತಿದರು. 1903ರಿಂದ ಮದರಾಸಿನ ಬಂದರಿನಿಂದಲೂ ಹೊರಟರು. ಅವರ ಕರಾರು ಪತ್ರದಲ್ಲಿ ಎಲ್ಲವೂ ಅಚ್ಚುಕಟ್ಟಾಗಿ ಬರೆದಿತ್ತು: ಅವಧಿ ಐದು ವರ್ಷ, ದಿನಕ್ಕೆ ಒಂಬತ್ತು ಗಂಟೆ, ಶನಿವಾರ ಐದು ಗಂಟೆ, ಗಂಡಸಿಗೆ ದಿನಗೂಲಿ ಒಂದು ಶಿಲಿಂಗ್, ಹೆಂಗಸಿಗೆ ಒಂಬತ್ತು ಪೆನ್ಸ್. ಕೆಲಸ ತಪ್ಪಿಸಿದರೆ ಅದು ಅಪರಾಧ, ಜೈಲು ಸೇರಬೇಕಾದೀತು ಎಂಬ ಮಾತೊಂದು ಮಾತ್ರ ಅದರಲ್ಲಿ ಇರಲಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮುನ್ನ ಆ ಬಡವರನ್ನು ಸರ್ಕಾರಿ ಅಧಿಕಾರಿಯ ಮುಂದೆ ನಿಲ್ಲಿಸಿ, ಕರಾರಿನ ಷರತ್ತುಗಳು ಅರ್ಥವಾದವೇ ಎಂದು ಕೇಳುವ ನಿಯಮವೂ ವಲಸೆ ಕಾನೂನಿನಲ್ಲಿ ಇತ್ತು. ಅಂದರೆ ವಿವರಣೆ ಎಂಬ ಶಾಸ್ತ್ರ ನಡೆಯುತ್ತಿತ್ತು. ಇಲ್ಲದಿದ್ದದ್ದು ಒಂದೇ: ಆ ಕೋಣೆಯಲ್ಲಿ ಕೂಲಿಯವನ ಪರವಾಗಿ, ಅವನ ಹಿತವೊಂದನ್ನೇ ನೋಡುತ್ತಾ, 'ಇದಕ್ಕೆ ಒಪ್ಪಬೇಡಪ್ಪ' ಎಂದು ಹೇಳಬಲ್ಲ ಒಬ್ಬ ಮನುಷ್ಯ. ಇವತ್ತಿನ ವಿಷಯವಾದ ಸ್ವತಂತ್ರ ಕಾನೂನು ಸಲಹೆ ಎಂಬುದರ ತಿರುಳು ಅಷ್ಟೇ. ಸಲಹೆ ಎಂಬ ಪದಕ್ಕಿಂತ ಸ್ವತಂತ್ರ ಎಂಬ ಪದಕ್ಕೆ ಅಲ್ಲಿ ತೂಕ ಹೆಚ್ಚು.

ಸಹಿ ಮಾಡಿದವರು ಓದಿ, ತಿಳಿದು, ಸ್ವಇಚ್ಛೆಯಿಂದ ಸಹಿ ಮಾಡಿದ್ದಾರೆ ಎಂಬುದು ಕರಾರು ಕಾನೂನಿನ ಮೊದಲ ನಂಬಿಕೆ. ಎರಡೂ ಕಡೆಯವರು ಸಮಬಲರು ಎಂಬ ಕಲ್ಪನೆಯ ಮೇಲೆ ಆ ನಂಬಿಕೆ ನಿಂತಿದೆ. ಬ್ಯಾಂಕು ಮತ್ತು ಸಾಲಗಾರ, ಕಂಪನಿ ಮತ್ತು ವೀಸಾದ ಮೇಲಿರುವ ನೌಕರ, ಗಂಡ ಮತ್ತು ಅವನ ದುಡಿಮೆಯನ್ನೇ ನೆಚ್ಚಿದ ಹೆಂಡತಿ, ಇವರು ಸಮಬಲರಲ್ಲ ಎಂಬುದನ್ನು ನ್ಯಾಯಾಲಯಗಳು ಒಪ್ಪಿಕೊಳ್ಳಲು ಬಹಳ ಕಾಲ ಬೇಕಾಯಿತು. ಭಾರತದ 1872ರ ಕರಾರು ಕಾಯ್ದೆಯ 16ನೆಯ ಕಲಂ ಅನುಚಿತ ಪ್ರಭಾವವನ್ನು ಗುರುತಿಸಿತು. ಇನ್ನೊಬ್ಬರ ಮನಸ್ಸನ್ನು ಆಳಬಲ್ಲ ಸ್ಥಾನದಲ್ಲಿರುವವನು ಮೇಲ್ನೋಟಕ್ಕೇ ಅನ್ಯಾಯವೆನಿಸುವ ಕರಾರು ಮಾಡಿಕೊಂಡರೆ, ಅದು ಪ್ರಭಾವ ಬೀರಿ ಪಡೆದದ್ದಲ್ಲ ಎಂದು ರುಜುವಾತು ಮಾಡುವ ಹೊಣೆ ಅವನದೇ ಎಂದಿತು. ವಸಾಹತು ಕಾಲದ ಪ್ರೀವಿ ಕೌನ್ಸಿಲ್ ಈ ತತ್ತ್ವವನ್ನು ಪರದೆಯ ಹಿಂದಿನ ಹೆಣ್ಣುಮಕ್ಕಳ ಪ್ರಕರಣಗಳಲ್ಲಿ ಮತ್ತೆ ಮತ್ತೆ ಪರೀಕ್ಷಿಸಿತು.

ಹಾಗೆ ಪ್ರೀವಿ ಕೌನ್ಸಿಲ್‌ವರೆಗೆ ಹೋದ ಒಂದು ಪ್ರಕರಣ ಸಿಂಗಪುರದ್ದು. ಇಂಚೆ ನೋರಿಯಾ ಪ್ರಕರಣವೆಂದು ಕಾನೂನು ಪುಸ್ತಕಗಳಲ್ಲಿ ಪ್ರಸಿದ್ಧವಾದ ಇದು 1929ರ ವರದಿ ಸಂಪುಟದಲ್ಲಿ ಪ್ರಕಟವಾಗಿದೆ. ಓದುಬರಹ ಬಾರದ ಒಬ್ಬ ವೃದ್ಧ ಮಲಯ ಮಹಿಳೆ. ಅವಳ ವ್ಯವಹಾರಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಸೋದರಳಿಯ. ಅವನಿಗೆ ಅವಳು ತನ್ನ ಆಸ್ತಿಯ ಬಹುಪಾಲನ್ನು ದಾನಪತ್ರ ಮಾಡಿಕೊಟ್ಟಳು. ಒಬ್ಬ ವಕೀಲ ಬಂದ, ಪತ್ರವನ್ನು ವಿವರಿಸಿದ, ಅರ್ಥವಾಯಿತೆಂದು ಖಚಿತಪಡಿಸಿಕೊಂಡ. ಅವನ ಪ್ರಾಮಾಣಿಕತೆಯ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಆದರೆ ಅದು ಅವಳ ಹೆಚ್ಚುಕಡಿಮೆ ಇಡೀ ಆಸ್ತಿ ಎಂಬುದು ಅವನಿಗೇ ಗೊತ್ತಿರಲಿಲ್ಲ. ಇದನ್ನೇ ಉಯಿಲಿನ ಮೂಲಕ ಕೊಟ್ಟರೆ ಬದುಕಿರುವಷ್ಟು ದಿನ ಆಸ್ತಿ ನಿನ್ನ ಕೈಯಲ್ಲೇ ಇರುತ್ತದೆ ಎಂದು ಅವನು ಹೇಳಲಿಲ್ಲ. ದಾನಪತ್ರ ರದ್ದಾಯಿತು. ಪೂರ್ತಿ ಸಂಗತಿ ತಿಳಿಯದವನು ಕೊಟ್ಟ ಸಲಹೆ, ಸ್ವತಂತ್ರವಾಗಿದ್ದರೂ, ಸಲಹೆಯಾಗದು ಎಂಬ ಪಾಠ ಅಲ್ಲಿಂದ ಬಂತು.

ವಲಸಿಗರ ಮನೆಗಳಿಗೆ ಇನ್ನೂ ಹತ್ತಿರದ ಕಥೆ ಆಸ್ಟ್ರೇಲಿಯಾದ್ದು. ಇಟಲಿಯಿಂದ ಬಂದು ಅಡಿಲೇಡ್‌ನಲ್ಲಿ ನೆಲೆಸಿದ ಅಮಾಡಿಯೋ ದಂಪತಿಗೆ ಆಗ ಎಪ್ಪತ್ತು ದಾಟಿತ್ತು. ಇಂಗ್ಲಿಷ್ ಅಷ್ಟಕ್ಕಷ್ಟೇ. ಮಗನದು ಕಟ್ಟಡ ಕಟ್ಟುವ ಕಂಪನಿ. ಹೊರಗೆ ಅವನು ದೊಡ್ಡ ಮನುಷ್ಯ. ಒಳಗೆ ಕಂಪನಿ ಮುಳುಗುತ್ತಿತ್ತು, ಮತ್ತು ಅದು ಬ್ಯಾಂಕಿಗೆ ಚೆನ್ನಾಗಿ ಗೊತ್ತಿತ್ತು. 1977ರಲ್ಲಿ ಒಂದು ಮಧ್ಯಾಹ್ನ ಬ್ಯಾಂಕಿನ ಮ್ಯಾನೇಜರ್ ಕಾಗದ ಹಿಡಿದು ಮನೆಗೇ ಬಂದ. ಊಟ ಮುಗಿದಿತ್ತು. ಯಜಮಾನ ಪತ್ರಿಕೆ ಓದುತ್ತಿದ್ದ, ಯಜಮಾನಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಇಬ್ಬರೂ ಅಲ್ಲೇ ಸಹಿ ಮಾಡಿದರು. ತಮ್ಮ ಹೊಣೆ 50,000 ಡಾಲರಿಗೆ ಸೀಮಿತ, ಆರು ತಿಂಗಳ ಮಟ್ಟಿಗೆ ಮಾತ್ರ ಎಂದು ಮಗ ಅವರನ್ನು ನಂಬಿಸಿದ್ದ. ಕಾಗದದಲ್ಲಿ ಅಂಥ ಯಾವ ಮಿತಿಯೂ ಇರಲಿಲ್ಲ. ಕಂಪನಿ ಮುಳುಗಿದಾಗ ಬ್ಯಾಂಕು ಆ ಮುದಿಜೀವಗಳಿಂದ ಕೇಳಿದ್ದು ಸುಮಾರು 2,40,000 ಡಾಲರ್.

1983ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟು, ಅಂದರೆ ಆ ದೇಶದ ಸರ್ವೋಚ್ಚ ನ್ಯಾಯಾಲಯ, ಆ ಜಾಮೀನನ್ನು ರದ್ದುಪಡಿಸಿತು. ವಯಸ್ಸು, ಭಾಷೆಯ ಕೊರತೆ, ಮಗನ ಮೇಲಿನ ಅವಲಂಬನೆ, ವ್ಯವಹಾರದ ಅರಿವಿನ ಅಭಾವ, ಇವೆಲ್ಲ ಸೇರಿ ಅವರನ್ನು ವಿಶೇಷ ದೌರ್ಬಲ್ಯಕ್ಕೆ ದೂಡಿದ್ದವು. ಬ್ಯಾಂಕಿಗೆ ಅದು ಕಾಣುತ್ತಿತ್ತು. ಸ್ವತಂತ್ರ ಸಲಹೆ ಪಡೆಯಿರಿ ಎಂದು ಹೇಳಬೇಕಾದ ಜಾಗದಲ್ಲಿ ಅದು ಪೆನ್ನು ಮುಂದೆ ಮಾಡಿತು. ಈ ತೀರ್ಪನ್ನು ಓದುವ ಯಾವ ವಲಸಿಗನೂ ಆ ಅಡುಗೆಮನೆಯನ್ನು ಗುರುತಿಸದೆ ಇರಲಾರ. ಬಸವನಗುಡಿಯಿಂದಲೋ ಶಿವಮೊಗ್ಗದಿಂದಲೋ ಆರು ತಿಂಗಳಿಗೆಂದು ಬಂದ ಅಪ್ಪ ಅಮ್ಮಂದಿರು, ಮಗ ತೋರಿಸಿದಲ್ಲಿ ಸಹಿ ಹಾಕುವ ಮನೆಗಳು ಎಲ್ಲ ದೇಶಗಳಲ್ಲೂ ಇವೆ. ಮಗ ಕೆಟ್ಟವನಾಗಿರಬೇಕೆಂದೇನೂ ಇಲ್ಲ. ಅವನು ತನ್ನ ವ್ಯಾಪಾರದ ಬಗ್ಗೆ ತಾನೇ ಭ್ರಮೆಯಲ್ಲಿದ್ದರೆ ಸಾಕು.

ಇಂಗ್ಲೆಂಡಿನಲ್ಲಿ ಇದೇ ಪ್ರಶ್ನೆ ಹೆಂಡತಿಯರ ಮೂಲಕ ಬಂತು. ಗಂಡನ ವ್ಯಾಪಾರದ ಸಾಲಕ್ಕೆ ಇಬ್ಬರ ಹೆಸರಿನಲ್ಲಿರುವ ಮನೆಯನ್ನು ಒತ್ತೆಯಿಟ್ಟು, ಕೊನೆಗೆ ಬೀದಿಗೆ ಬಂದ ಹೆಂಗಸರ ಹಲವು ಪ್ರಕರಣಗಳನ್ನು ಒಟ್ಟಿಗೆ ಆಲಿಸಿದ ಹೌಸ್ ಆಫ್ ಲಾರ್ಡ್ಸ್, 2001ರ ಎಟ್ರಿಜ್ ತೀರ್ಪಿನಲ್ಲಿ ವಕೀಲನ ಕನಿಷ್ಠ ಕರ್ತವ್ಯಗಳನ್ನು ಬಿಡಿಸಿ ಹೇಳಿತು. ವಕೀಲ ಹೆಂಡತಿಯನ್ನು ಎದುರೆದುರು ಭೇಟಿಯಾಗಬೇಕು. ಆಗ ಗಂಡ ಅಲ್ಲಿರಕೂಡದು. ಕಾನೂನಿನ ಪರಿಭಾಷೆ ಬಿಟ್ಟು ಸರಳ ಮಾತಿನಲ್ಲಿ ವಿವರಿಸಬೇಕು. ವ್ಯಾಪಾರ ಕೆಟ್ಟರೆ ಮನೆ ಹೋಗಬಹುದು, ದಿವಾಳಿಯಾಗಬೇಕಾದೀತು ಎಂದು ಬಿಚ್ಚಿ ಹೇಳಬೇಕು. ಸಹಿ ಮಾಡುವುದೂ ಬಿಡುವುದೂ ಆಕೆಯ ಆಯ್ಕೆ, ಆಕೆಯದೊಬ್ಬಳದೇ ಆಯ್ಕೆ ಎಂದು ತಿಳಿಸಬೇಕು. ಸಾಲದ ಮೊತ್ತ, ಗಂಡನ ಈಗಿನ ಬಾಕಿ ಮುಂತಾದ ವಿವರಗಳನ್ನು ಬ್ಯಾಂಕು ವಕೀಲನಿಗೆ ಕೊಡಬೇಕು.

ಈ ತೀರ್ಪಿಗೂ ಮಿತಿ ಇದೆ. ಗಂಡನ ವಕೀಲನೇ ಹೆಂಡತಿಗೂ ಸಲಹೆ ಕೊಡಬಹುದೆಂಬ ಅವಕಾಶವನ್ನು ಅದು ಉಳಿಸಿತು. ಬೇರೆ ವಕೀಲನೆಂದರೆ ಖರ್ಚು ಹೆಚ್ಚು ಎಂಬುದು ಅದರ ವಾದಗಳಲ್ಲೊಂದು. ಬೇರೆಯವರನ್ನು ಕೇಳುವ ಹಕ್ಕು ಆಕೆಗಿದೆ ಎಂಬುದನ್ನು ಮಾತ್ರ ಮರೆಯಬಾರದು. ಗಂಡನನ್ನು ಕೋಣೆಯಿಂದ ಆಚೆ ಕಳಿಸಬೇಕು ಎಂಬ ಒಂದು ವಾಕ್ಯದಲ್ಲೇ ಸ್ತ್ರೀವಾದಿ ಹೋರಾಟಗಳ ಎಷ್ಟೋ ವರ್ಷಗಳ ಅರಿವು ಅಡಗಿದೆ.

ಈಗ ಕಚೇರಿಗಳ ಕಡೆ ತಿರುಗೋಣ. ಕೆಲಸ ಕಳೆದುಕೊಂಡ ದಿನವೇ ಕೈಗೆ ಬರುವ ಕಾಗದದಲ್ಲಿ ಸಾಮಾನ್ಯವಾಗಿ ಎರಡು ಭಾಗಗಳಿರುತ್ತವೆ. ಒಂದು, ಇಷ್ಟು ತಿಂಗಳ ಸಂಬಳ ಕೊಡುತ್ತೇವೆ. ಇನ್ನೊಂದು, ಇನ್ನು ಮುಂದೆ ಕಂಪನಿಯ ಮೇಲೆ ಯಾವ ದಾವೆಯನ್ನೂ ಹೂಡುವುದಿಲ್ಲ ಎಂದು ನೀವು ಒಪ್ಪುತ್ತೀರಿ. ಮೊದಲನೆಯದು ಕಣ್ಣಿಗೆ ಬೀಳುತ್ತದೆ, ಎರಡನೆಯದು ಬೆಲೆಬಾಳುತ್ತದೆ. ಜನಾಂಗ, ಲಿಂಗ, ವಯಸ್ಸು, ಬಸಿರು, ಇವುಗಳಿಂದಾದ ತಾರತಮ್ಯವನ್ನು ಪ್ರಶ್ನಿಸುವ ಹಕ್ಕನ್ನು ಅಲ್ಲಿ ಕಂಪನಿ ಕೊಂಡುಕೊಳ್ಳುತ್ತಿರುತ್ತದೆ. ಮಾರುವವನಿಗೆ ತನ್ನ ಸರಕಿನ ಬೆಲೆ ತಿಳಿದಿರುವುದಿಲ್ಲ.

ಬ್ರಿಟನ್ನಿನ 1996ರ ಉದ್ಯೋಗ ಹಕ್ಕುಗಳ ಕಾಯ್ದೆಯ 203ನೆಯ ಕಲಂ ಇದಕ್ಕೊಂದು ತಡೆ ಹಾಕಿದೆ. ಒಪ್ಪಂದ ಲಿಖಿತವಾಗಿರಬೇಕು. ನೌಕರ ಸ್ವತಂತ್ರ ಸಲಹೆಗಾರರಿಂದ ಅದರ ಪರಿಣಾಮದ ಬಗ್ಗೆ, ವಿಶೇಷವಾಗಿ ಟ್ರಿಬ್ಯೂನಲ್‌ಗೆ ಹೋಗುವ ಹಕ್ಕಿನ ಬಗ್ಗೆ ಸಲಹೆ ಪಡೆದಿರಬೇಕು. ಆ ಸಲಹೆಗಾರರಿಗೆ ವೃತ್ತಿ ವಿಮೆ ಇರಬೇಕು, ಅವರ ಗುರುತು ಒಪ್ಪಂದದಲ್ಲೇ ನಮೂದಾಗಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಕಾಯ್ದೆ ಕೊಟ್ಟ ಹಕ್ಕುಗಳನ್ನು ಬಿಟ್ಟುಕೊಟ್ಟ ಮಾತು ನಿಲ್ಲುವುದಿಲ್ಲ. ಕಂಪನಿಯ ವಕೀಲರು ಈ ಅರ್ಥದಲ್ಲಿ ಸ್ವತಂತ್ರರಲ್ಲ. ಆದರೆ ಅಧಿಕೃತ ಮಾನ್ಯತೆ ಪಡೆದ ಕಾರ್ಮಿಕ ಸಂಘದ ಪದಾಧಿಕಾರಿ, ಸಲಹಾ ಕೇಂದ್ರದ ಮಾನ್ಯತೆ ಪಡೆದ ಕಾರ್ಯಕರ್ತ, ಇವರೂ ಸಲಹೆ ಕೊಡಬಹುದು ಎಂದು ಕಾಯ್ದೆ ಹೇಳುತ್ತದೆ. ಸಂಘಕ್ಕೆ ಚಂದಾ ಕಟ್ಟುವುದು ಹಳೆಯ ಕಾಲದ ಹವ್ಯಾಸ ಎಂದುಕೊಂಡಿರುವ ಐಟಿ ಗೆಳೆಯರು ಈ ಸಾಲನ್ನು ಎರಡು ಸಲ ಓದಬೇಕು. ಯೋಚಿಸಲು ಕನಿಷ್ಠ ಹತ್ತು ದಿನ ಕೊಡಬೇಕೆಂದು ಅಕಾಸ್ ಸಂಸ್ಥೆಯ ಸಂಹಿತೆ ಶಿಫಾರಸು ಮಾಡುತ್ತದೆ. ಸಲಹೆಯ ಖರ್ಚಿನ ಒಂದು ಭಾಗವನ್ನು ಕಂಪನಿಯೇ ಭರಿಸುವುದು ರೂಢಿ. ಅದು ಕಾನೂನಿನ ಕಡ್ಡಾಯವಲ್ಲ, ಕೇಳಿ ಪಡೆಯಬೇಕಾದದ್ದು.

ಅಮೆರಿಕದಲ್ಲಿ ರಕ್ಷಣೆ ಇಷ್ಟು ವಿಶಾಲವಾಗಿಲ್ಲ. ನಲವತ್ತು ದಾಟಿದವರ ವಯೋತಾರತಮ್ಯದ ಹಕ್ಕಿಗೆ ಸಂಬಂಧಿಸಿ 1990ರ ಕಾಯ್ದೆಯೊಂದು, ವಕೀಲರನ್ನು ಕೇಳಿ ಎಂದು ಬರಹದಲ್ಲಿ ತಿಳಿಸಬೇಕು, ಯೋಚಿಸಲು 21 ದಿನ ಕೊಡಬೇಕು, ಗುಂಪಾಗಿ ಕೆಲಸದಿಂದ ತೆಗೆದಿದ್ದರೆ 45 ದಿನ ಕೊಡಬೇಕು, ಸಹಿಯಾದ ಮೇಲೂ ಏಳು ದಿನ ಹಿಂತೆಗೆದುಕೊಳ್ಳುವ ಅವಕಾಶವಿರಬೇಕು ಎಂದು ವಿಧಿಸಿದೆ. ಈ ನಿಯಮ ಪಾಲಿಸದ ಕಾಗದಕ್ಕೆ ಸಹಿ ಮಾಡಿದ ನೌಕರಳು, ಪಡೆದ ಹಣ ಹಿಂದಿರುಗಿಸದೆಯೇ ವಯೋತಾರತಮ್ಯದ ದಾವೆ ಹೂಡಬಹುದೆಂದು ಅಲ್ಲಿನ ಸುಪ್ರೀಂ ಕೋರ್ಟು 1998ರಲ್ಲಿ ತೀರ್ಪು ಕೊಟ್ಟಿತು. ಆದರೆ ಎಚ್-1ಬಿ ವೀಸಾದವರಿಗೆ ಇನ್ನೊಂದು ಗಡಿಯಾರವೂ ಓಡುತ್ತಿರುತ್ತದೆ: ಕೆಲಸ ಹೋದ ಮೇಲೆ ಹೆಚ್ಚೆಂದರೆ 60 ದಿನ. ಆ ಭಯದಲ್ಲಿ ಮೊದಲ ಸಂಜೆಯೇ ಡಿಜಿಟಲ್ ಸಹಿ ಒತ್ತಿಬಿಡುವವರು ತಮಗೆ ಕಾನೂನೇ ಕೊಟ್ಟ ದಿನಗಳನ್ನು ತಾವೇ ಬಿಟ್ಟುಕೊಡುತ್ತಾರೆ. ಅದೇ ರೀತಿ, ಅವಧಿಗೆ ಮುನ್ನ ಕೆಲಸ ಬಿಟ್ಟರೆ ಇಷ್ಟು ಸಾವಿರ ಡಾಲರ್ ಕಟ್ಟಬೇಕು ಎಂಬ ಬಾಂಡ್‌ಗೆ ಹೆದರಿ ಕುಳಿತವರಿದ್ದಾರೆ. ಎಚ್-1ಬಿ ನೌಕರನ ಮೇಲೆ ಅಂಥ ದಂಡ ಹೇರುವುದನ್ನು ಸಂಯುಕ್ತ ಸಂಸ್ಥಾನದ ಕಾನೂನು ನಿಷೇಧಿಸಿದೆ. ನಿಜವಾದ ನಷ್ಟದ ಅಂದಾಜು ಪರಿಹಾರಕ್ಕೆ ಮಾತ್ರ ರಾಜ್ಯದ ಕಾನೂನಿನ ಚೌಕಟ್ಟಿನಲ್ಲಿ ಅವಕಾಶವಿದೆ. ಯಾವುದು ದಂಡ, ಯಾವುದು ಪರಿಹಾರ ಎಂಬುದನ್ನು ಬಿಡಿಸುವುದೇ ವಕೀಲನ ಕೆಲಸ. ಕಂಪನಿಯ ಎಚ್‌ಆರ್ ವಿಭಾಗದ್ದಲ್ಲ.

ಗಲ್ಫ್ ದೇಶಗಳಿಗೆ ಹೋಗುವ ಕರಾವಳಿಯ, ಉತ್ತರ ಕರ್ನಾಟಕದ ದುಡಿಮೆಗಾರರ ಪಾಲಿಗೆ ವಕೀಲನಿಗಿಂತ ಮೊದಲು ಎದುರಾಗುವ ಪ್ರಶ್ನೆ ಭಾಷೆಯದು. ಊರಿನಲ್ಲಿ ಏಜೆಂಟ್ ತೋರಿಸಿದ ಕರಾರು ಒಂದು, ಅಲ್ಲಿ ಇಳಿದ ಮೇಲೆ ಸಹಿ ಮಾಡಿಸಿಕೊಂಡದ್ದು ಇನ್ನೊಂದು ಎಂಬ ದೂರು ಬಹಳ ಹಳೆಯದು. ಇದನ್ನು ತಡೆಯಲು ಸಂಯುಕ್ತ ಅರಬ್ ಎಮಿರೇಟ್ಸ್ 2016ರಲ್ಲಿ ಒಂದು ನಿಯಮ ಜಾರಿಗೆ ತಂದಿತು: ಕೆಲಸಗಾರ ತನಗೆ ತಿಳಿಯುವ ಭಾಷೆಯಲ್ಲಿ ನೇಮಕದ ಪ್ರಸ್ತಾಪವನ್ನು ಓದಿ, ಹೊರಡುವ ಮುನ್ನವೇ ಸಹಿ ಮಾಡಬೇಕು, ಅನಂತರದ ಕರಾರು ಅದಕ್ಕೆ ಹೊಂದಬೇಕು. ಆಗ ಗೊತ್ತುಪಡಿಸಿದ ಹನ್ನೊಂದು ಭಾಷೆಗಳಲ್ಲಿ ಹಿಂದಿ, ಉರ್ದು, ಬಂಗಾಳಿ, ಮಲಯಾಳಂ, ತಮಿಳು ಇದ್ದವು. ಕನ್ನಡ ಇರಲಿಲ್ಲ. ಕನ್ನಡದ ಹೆಮ್ಮೆಯನ್ನು ನವೆಂಬರ್ ತಿಂಗಳ ಬಾವುಟಕ್ಕೆ ಮೀಸಲಿಟ್ಟಿರುವ ಸಂಘಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಬೇಕೇ? ಒಂದು ಕರಾರು ಪತ್ರವನ್ನು ಕನ್ನಡದಲ್ಲಿ ಓದಿ ಹೇಳುವುದೂ ಭಾಷಾ ಸೇವೆಯೇ.

ಊರಿನಿಂದಲೂ ಕಾಗದಗಳು ಬರುತ್ತವೆ. ಅಪ್ಪ ತೀರಿಕೊಂಡ ತಿಂಗಳೊಳಗೆ ಅಣ್ಣನ ಫೋನು: 'ಒಂದು ಹಕ್ಕು ಬಿಡುಗಡೆ ಪತ್ರ ಕಳಿಸಿದ್ದೀನಮ್ಮ, ಕಾನ್ಸುಲೇಟ್‌ಗೆ ಹೋಗಿ ಸಹಿ ಮಾಡಿ ಕಳಿಸಿಬಿಡು, ಬರೀ ಫಾರ್ಮಾಲಿಟಿ.' ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೊಡುವ ತಿದ್ದುಪಡಿಯನ್ನು ಜಾರಿಗೆ ತಂದಿತು, ಅದು ಜಾರಿಯಾಗುವ ಮುನ್ನ ಮದುವೆಯಾಗಿರದವರಿಗೆ ಸೀಮಿತವಾಗಿ. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಗೋಡೆಯನ್ನು ಕೆಡವಿತು. 2020ರಲ್ಲಿ ಸುಪ್ರೀಂ ಕೋರ್ಟು ಈ ಹಕ್ಕು ಹುಟ್ಟಿನಿಂದಲೇ ಬಂದದ್ದು, 2005ರಲ್ಲಿ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಸ್ಪಷ್ಟಪಡಿಸಿತು. ಶಾಸನಸಭೆ, ಸಂಸತ್ತು, ಸರ್ವೋಚ್ಚ ನ್ಯಾಯಾಲಯ ಮೂರೂ ಸೇರಿ ಕೊಟ್ಟದ್ದನ್ನು ಒಂದು ವಾಟ್ಸ್‌ಆ್ಯಪ್ ಸಂದೇಶ ಹಿಂತೆಗೆದುಕೊಳ್ಳುತ್ತದೆ. ತಂಗಿ ಮನಸಾರೆ ಬಿಟ್ಟುಕೊಡಲಿ, ಅದು ಅವಳ ಔದಾರ್ಯ. ಆದರೆ ಏನನ್ನು ಬಿಟ್ಟುಕೊಡುತ್ತಿದ್ದೇನೆ ಎಂದು ತಿಳಿಯದೆ ಬಿಟ್ಟದ್ದು ಔದಾರ್ಯವಲ್ಲ, ಕಳವು. ಅಣ್ಣ ಗೊತ್ತುಮಾಡಿದ ವಕೀಲ ಅಣ್ಣನ ವಕೀಲ. ತಂಗಿಗೆ ಬೇರೆಯವರು ಬೇಕು.

ಹಾಗಾದರೆ ಸ್ವತಂತ್ರ ಸಲಹೆ ಸಿಕ್ಕಿಬಿಟ್ಟರೆ ಎಲ್ಲವೂ ಸರಿಹೋಗುತ್ತದೆಯೇ? ಇದಕ್ಕೆ ಆಸ್ಟ್ರೇಲಿಯಾದ ಹೈಕೋರ್ಟು 2017ರಲ್ಲಿ ಕೊಟ್ಟ ಇನ್ನೊಂದು ತೀರ್ಪು ಉತ್ತರ. ಥಾರ್ನ್ ಮತ್ತು ಕೆನಡಿ ಎಂಬ ಬದಲಿ ಹೆಸರುಗಳಲ್ಲಿ ಅದು ಪ್ರಕಟವಾಗಿದೆ. ಅಂತರ್ಜಾಲದಲ್ಲಿ ಪರಿಚಯವಾದ ಶ್ರೀಮಂತ ವೃದ್ಧನನ್ನು ಮದುವೆಯಾಗಲು ಪರದೇಶದಿಂದ ಬಂದ ಹೆಣ್ಣು. ಅಲ್ಲಿ ಅವಳಿಗೆ ತನ್ನವರಿಲ್ಲ, ಹಣವಿಲ್ಲ, ವೀಸಾ ತಾತ್ಕಾಲಿಕ. ಮದುವೆಗೆ ಕೆಲವೇ ದಿನ ಇರುವಾಗ ವಿವಾಹಪೂರ್ವ ಒಪ್ಪಂದದ ಕಾಗದ ಬಂತು. ಸಹಿ ಇಲ್ಲದಿದ್ದರೆ ಮದುವೆ ಇಲ್ಲ. ಕಾನೂನು ಬಯಸುವಂತೆ ಅವಳು ಸ್ವತಂತ್ರ ವಕೀಲೆಯನ್ನು ಕಂಡಳು. ಇದು ನಿನಗೆ ಸಂಪೂರ್ಣ ಪ್ರತಿಕೂಲ, ಸಹಿ ಮಾಡಬೇಡ ಎಂದು ವಕೀಲೆ ಸ್ಪಷ್ಟವಾಗಿ ಹೇಳಿದಳು. ಮದುವೆಗೆ ನಾಲ್ಕು ದಿನ ಮುಂಚೆ ಅವಳು ಸಹಿ ಮಾಡಿದಳು. ಆಗ ಮದುವೆಯ ಸಿದ್ಧತೆ ಮುಗಿದಿತ್ತು, ತವರಿನಿಂದ ತಂದೆತಾಯಿ ಬಂದಿಳಿದಿದ್ದರು. ನ್ಯಾಯಾಲಯ ಆ ಒಪ್ಪಂದವನ್ನೂ ರದ್ದುಗೊಳಿಸಿತು. ಸಲಹೆ ಅರ್ಥವಾಗುವುದು ಬೇರೆ, ಸಲಹೆಯಂತೆ ನಡೆಯುವ ಸ್ವಾತಂತ್ರ್ಯ ಇರುವುದು ಬೇರೆ ಎಂಬುದು ಅದರ ಸಾರ.

ಪ್ರಗತಿಪರರು ಹಿಡಿದುಕೊಳ್ಳಬೇಕಾದ ಎಳೆ ಇದೇ. ಸಲಹೆ ಎಂಬುದು ಬಲಿಷ್ಠರ ಕೈಯಲ್ಲಿ ಮತ್ತೊಂದು ಮುದ್ರೆಯಾಗಿಬಿಡಬಲ್ಲದು: 'ನೋಡಿ, ಇವರು ವಕೀಲರನ್ನು ಕೇಳಿಯೇ ಸಹಿ ಮಾಡಿದ್ದಾರೆ.' ಹಾಗಾಗದಂತೆ ನೋಡಿಕೊಳ್ಳಲು ಸಲಹೆಯ ಹಿಂದೆ ಸಮಯ, ಹಣ, ಜೊತೆಗಾರರು ಇರಬೇಕು. ಇಂಗ್ಲೆಂಡಿನಲ್ಲಿ 2012ರ ಕಾಯ್ದೆಯೊಂದು ತಾರತಮ್ಯದ ದಾವೆಗಳನ್ನು ಬಿಟ್ಟು ಉಳಿದ ಹೆಚ್ಚಿನ ಉದ್ಯೋಗ ವಿವಾದಗಳಿಗೆ ಸರ್ಕಾರಿ ಕಾನೂನು ನೆರವನ್ನು ಕಿತ್ತುಹಾಕಿತು. ಭಾರತದ ಸಂವಿಧಾನಕ್ಕೆ 1976ರಲ್ಲಿ ಸೇರಿದ 39-ಎ ವಿಧಿ ಉಚಿತ ಕಾನೂನು ನೆರವನ್ನು ಪ್ರಭುತ್ವದ ಹೊಣೆಯಾಗಿಸಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು ಆ ನೆರವಿಗೆ ಅರ್ಹರು. ಊರಿನ ಕಾಗದಕ್ಕೆ ಸಹಿ ಕೇಳುತ್ತಿರುವ ಎಷ್ಟು ಮನೆಗಳಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯ ಹೆಸರು ಕೇಳಿಬರುತ್ತದೆ?

ಕೊನೆಯದಾಗಿ ಕೆಲವು ನೇರ ಮಾತುಗಳು. ಕಾಗದದ ಪ್ರತಿಯನ್ನು ಮೊದಲು ಕೇಳಿ ಪಡೆಯಿರಿ. ಮನೆಗೆ ಒಯ್ಯಬಾರದ ಕಾಗದಕ್ಕೆ ಸಹಿಯೂ ಬೇಡ. ಗಡುವನ್ನು ಬರಹದಲ್ಲಿ ಕೇಳಿ. ಇವತ್ತೇ ಆಗಬೇಕೆನ್ನುವ ಅವಸರ ಯಾರದು ಎಂದು ಯೋಚಿಸಿ. ವಕೀಲರ ಫೀಸನ್ನು ಯಾರು ಕೊಟ್ಟರೂ ಅವರ ನಿಷ್ಠೆ ಯಾರಿಗೆ ಎಂಬುದನ್ನು ಮೊದಲೇ ಕೇಳಿ ತಿಳಿಯಿರಿ. ಆ ಸಿಂಗಪುರದ ಅಜ್ಜಿಯನ್ನು ನೆನೆದು ಪೂರ್ತಿ ಸಂಗತಿಯನ್ನು ಅವರ ಮುಂದಿಡಿ. ಮೂರು ಪ್ರಶ್ನೆಗಳನ್ನು ಬಿಡದೆ ಕೇಳಿ: ಇದರಿಂದ ನಾನು ಏನನ್ನು ಬಿಟ್ಟುಕೊಡುತ್ತೇನೆ? ಎಲ್ಲ ಕೆಟ್ಟರೆ ಎಷ್ಟು ಕಳೆದುಕೊಳ್ಳುತ್ತೇನೆ? ಸಹಿ ಮಾಡದಿದ್ದರೆ ಏನಾಗುತ್ತದೆ? ಭಾಷೆ ತೊಡಕಾದರೆ ದುಭಾಷಿ ಬೇಕೆನ್ನಿ. ಕಾಗದದಿಂದ ಲಾಭ ಪಡೆಯುವ ಮಗನೋ ಗಂಡನೋ ದುಭಾಷಿಯಾಗದಿರಲಿ.

'ನನ್ನ ಮೇಲೆ ನಂಬಿಕೆ ಇಲ್ಲವೇ?' ಎಂಬ ಮಾತು ಬಂದೇ ಬರುತ್ತದೆ. ಕನ್ನಡದ ಮನೆಗಳಲ್ಲಿ ಈ ಮಾತಿಗೆ ಎದುರಾಡುವುದು ಕಷ್ಟ. ಉತ್ತರ ಮಾತ್ರ ಸುಲಭವಾದದ್ದು: ನಂಬಿಕೆ ಇರುವ ಕಡೆ ನಾಲ್ಕು ದಿನ ಕಾಯಲು ಯಾರಿಗೂ ತೊಂದರೆಯಾಗುವುದಿಲ್ಲ. ಫಿಜಿಗೆ ಹೊರಟವರಿಗೆ ಆ ನಾಲ್ಕು ದಿನವೂ ಇರಲಿಲ್ಲ, ಕೇಳಲು ಮನುಷ್ಯರೂ ಇರಲಿಲ್ಲ. ಅವರ ಮರಿಮಕ್ಕಳ ಕಾಲದಲ್ಲಿ ಕಾನೂನು ಇದೆ, ಸಂಘಗಳಿವೆ, ಫೋನಿನ ಆಚೆ ಬದಿಯಲ್ಲಿ ಕನ್ನಡದಲ್ಲಿ ವಿವರಿಸಬಲ್ಲ ಗೆಳೆಯ ಗೆಳತಿಯರಿದ್ದಾರೆ. ಪೆನ್ನನ್ನು ಕೆಳಗಿಟ್ಟು, ಮೊದಲು ಆ ಫೋನನ್ನು ಎತ್ತಿಕೊಳ್ಳಿ.